ಮಾರ್ಸೆಲೊ ಡೆಲ್ ಪಿಲಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲಿಪ್ಪೀನ್ಸ್ ಇತಿಹಾಸದ ಮಾತು ಬಂದರೆ ಎಲ್ಲರೂ ಅಲ್ಲಿನ ರಾಷ್ಟ್ರನಾಯಕ, ಕಾದಂಬರಿಕಾರ ಹೊಸೆ ರಿಸಾಲ್ ಹತ್ತಿರ ಬಂದು ನಿಂತುಬಿಡುತ್ತಾರೆ. ನಾನು ಪಕ್ಕದಲ್ಲಿರುವ ಇನ್ನೊಬ್ಬರನ್ನು ತೋರಿಸಿದಾಗ ಪ್ರಶ್ನೆಗಳು ಶುರುವಾಗುತ್ತವೆ. ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭವಾದವು ಮೊದಲು, ತಲೆಕೆಡಿಸುವಂಥವು ಆಮೇಲೆ.

## ಮೊದಲ ಪರಿಚಯ

ರಿಸಾಲ್ ಹೆಸರು ಕೇಳಿದ್ದೀವಿ. ಈ ಡೆಲ್ ಪಿಲಾರ್ ಯಾರು?

ಮಾರ್ಸೆಲೊ ಡೆಲ್ ಪಿಲಾರ್ ವಕೀಲರು, ಪತ್ರಕರ್ತರು, ಅದಕ್ಕಿಂತ ಜಾಸ್ತಿ ಒಳ್ಳೆಯ ಮಾತುಗಾರರು. ಹುಟ್ಟಿದ್ದು 1850ರ ಆಗಸ್ಟ್ 30ರಂದು, ಮನಿಲಾದ ಉತ್ತರಕ್ಕಿರುವ ಬುಲಕಾನ್ ಊರಿನಲ್ಲಿ. ತೀರಿಕೊಂಡಿದ್ದು 1896ರ ಜುಲೈ 4ರಂದು, ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯಲ್ಲಿ. ಇನ್ನೂ ನಲವತ್ತಾರು ತುಂಬಿರಲಿಲ್ಲ. ಫಿಲಿಪ್ಪೀನ್ಸ್ ಆಗ ಸ್ಪೇನಿನ ವಸಾಹತು. ಅಲ್ಲಿನ ಆಡಳಿತ ಸುಧಾರಿಸಬೇಕು ಎಂದು ಸ್ಪೇನಿನಲ್ಲೇ ಕೂತು ನಡೆಸಿದ 'ಲಾ ಸಾಲಿಡಾರಿಡಾಡ್' ಪತ್ರಿಕೆಯನ್ನು ಅವರು ಸುಮಾರು ಆರು ವರ್ಷ ಹೊತ್ತುಕೊಂಡು ನಡೆದರು.

ಮನೆ ಅನುಕೂಲದ್ದೇ. ಅಪ್ಪ ಮೂರು ಸಲ ಊರಿನ ಮುಖ್ಯಸ್ಥರಾಗಿದ್ದವರು, ಆ ಸೀಮೆಯ ಜನರ ತಗಾಲೊಗ್ ಭಾಷೆ ಚೆನ್ನಾಗಿ ಬಲ್ಲವರು. ಮಕ್ಕಳು ಹತ್ತು ಮಂದಿ. ಆಸ್ತಿ ಪಾಲಾಗುವಾಗ ಮಾರ್ಸೆಲೊ ತಮ್ಮ ಪಾಲನ್ನು ಒಡಹುಟ್ಟಿದವರಿಗೆ ಬಿಟ್ಟುಕೊಟ್ಟರು. ಪಿಟೀಲು, ಪಿಯಾನೊ, ಕೊಳಲು ನುಡಿಸುತ್ತಿದ್ದರು. ಹುಡುಗಿಯರ ಕಿಟಕಿ ಕೆಳಗೆ ಗೆಳೆಯರ ಪರವಾಗಿ ಹಾಡುವುದಕ್ಕೂ ಹೋಗುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಹೆಸರಿನ ನಡುವೆ 'ಎಚ್' ಅಂತ ಇರುತ್ತಲ್ಲ, ಏನದು? ಪ್ಲಾರಿಡೆಲ್ ಅಂದರೂ ಇವರೇನಾ?

ಹೌದು, ಇಬ್ಬರೂ ಒಬ್ಬರೇ. 'ಎಚ್' ಅಂದರೆ ಹಿಲಾರಿಯೊ, ಸ್ಪ್ಯಾನಿಷ್ ಬಾಯಿಯಲ್ಲಿ 'ಇಲಾರಿಯೊ'. ಅದೇ ಅವರ ನಿಜವಾದ ಮನೆತನದ ಹೆಸರು. 1849ರಲ್ಲಿ ಗವರ್ನರ್ ಜನರಲ್ ಕ್ಲಾವೇರಿಯಾ ಎಲ್ಲ ಕುಟುಂಬಗಳೂ ಗೊತ್ತಾದ ಅಡ್ಡಹೆಸರು ಇಟ್ಟುಕೊಳ್ಳಬೇಕು ಎಂದು ಅಪ್ಪಣೆ ಹೊರಡಿಸಿದ. ಆಗ ಅಜ್ಜಿಯ ಕಡೆಯ 'ಡೆಲ್ ಪಿಲಾರ್' ಸೇರಿಕೊಂಡಿತು. ಸರ್ಕಾರಿ ಕಡತಕ್ಕೆ ಅನುಕೂಲವಾಗಲಿ ಎಂದು ಸೇರಿಸಿದ ಹೆಸರೇ ಇತಿಹಾಸದಲ್ಲಿ ಉಳಿಯಿತು.

ಸ್ಪ್ಯಾನಿಷ್‌ನಲ್ಲಿ 'ಡೆಲ್ ಪಿಲಾರ್' ಬರೆಯಲು ಎಂಟು ಅಕ್ಷರ ಬೇಕು. ಅದೇ ಎಂಟನ್ನು ಕಲಸಿ ಬೇರೆ ಸಾಲಿನಲ್ಲಿ ಜೋಡಿಸಿದರೆ 'ಪ್ಲಾರಿಡೆಲ್'. ಅವರಿಗೆ ಇಂಥ ಆಟ ಇಷ್ಟ. ಇನ್ನೂ ಹಲವು ಗುಪ್ತನಾಮಗಳಿದ್ದವು. 'ಡೋಲೋರೆಸ್ ಮನಾಪಟ್' ಎಂಬ ಹೆಂಗಸಿನ ಹೆಸರಿತ್ತು. 'ಪಿಪಿಂಗ್ ದಿಲಾಟ್' ಅಂತಲೂ ಇತ್ತು. ಹಾಗೆಂದರೆ ಕಣ್ಣರಳಿಸಿ ನೋಡುವ ಮೂಗ. ಸೆನ್ಸಾರ್ ಇರುವ ಊರಿನ ಪತ್ರಕರ್ತನಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೇನಿದೆ?

ಆಳುತ್ತಿದ್ದದ್ದು ಸ್ಪೇನ್ ರಾಜರು. ಸಿಟ್ಟೆಲ್ಲ ಪಾದ್ರಿಗಳ ಮೇಲೆ ಯಾಕೆ?

ನಮ್ಮ ಕಡೆ ಬ್ರಿಟಿಷ್ ಆಳ್ವಿಕೆ ಅಂದರೆ ಕಣ್ಣಿಗೆ ಬರುವುದು ಕಲೆಕ್ಟರು. ಅಲ್ಲಿ ಹಾಗಲ್ಲ. ಮನಿಲಾ ದಾಟಿದರೆ ಹೆಚ್ಚಿನ ಊರುಗಳಲ್ಲಿ ಜನ ನೋಡಿದ ಒಬ್ಬನೇ ಸ್ಪೇನಿನವನೆಂದರೆ ಇಗರ್ಜಿಯ, ಅಂದರೆ ಚರ್ಚಿನ, ಪಾದ್ರಿ. ಗವರ್ನರ್ ಜನರಲ್‌ಗಳು ಬಂದು ಹೋಗುತ್ತಿದ್ದರು. ಪಾದ್ರಿ ವರ್ಷಗಟ್ಟಲೆ ಅಲ್ಲೇ ಇರುತ್ತಿದ್ದ. ಶಾಲೆ ನೋಡಿಕೊಳ್ಳುವವನು ಅವನೇ. ಜನಗಣತಿ ಮತ್ತು ತೆರಿಗೆ ಪಟ್ಟಿಗೆ ಅವನ ಸಹಿ ಬೇಕು. ನಿಮ್ಮ ನಡತೆ ಸರಿ ಇದೆ ಎಂದು ಬರೆದುಕೊಡಬೇಕಾದವನೂ ಅವನೇ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಮಂಗಳೂರು ಕಡೆಯವರು 'ಪಾದ್ರಿ' ಎಂದಾಗ ನೆನೆಯುವ ಸ್ಥಳೀಯ ಗುರುಗಳಲ್ಲ ಇವರು. ಅಗಸ್ಟಿನಿಯನ್, ಡೊಮಿನಿಕನ್, ಫ್ರಾನ್ಸಿಸ್ಕನ್, ರೆಕೊಲೆಕ್ಟ್ ಎಂಬ ಸನ್ಯಾಸಿ ಸಂಘಗಳ ಸ್ಪೇನಿನವರು. ಅವರನ್ನು 'ಫ್ರೈಲೆ' ಎನ್ನುತ್ತಿದ್ದರು. ಮನಿಲಾ ಸುತ್ತಲಿನ ದೊಡ್ಡ ದೊಡ್ಡ ಜಮೀನುಗಳು ಈ ಸಂಘಗಳ ಕೈಯಲ್ಲಿದ್ದವು. ಸ್ಥಳೀಯ ಗುರುಗಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಸಹಾಯಕರ ಜಾಗ. ಡೆಲ್ ಪಿಲಾರ್ ಈ ವ್ಯವಸ್ಥೆಯ ಮೇಲೆ ಬರೆದ ಒಂದು ಪುಸ್ತಿಕೆಯ ಹೆಸರಲ್ಲೇ 'ಫ್ರೈಲೊಕ್ರಾಸಿಯಾ' ಎಂಬ ಮಾತಿದೆ. ಅಧಿಕಾರಶಾಹಿ ಇದ್ದ ಹಾಗೆ ಇದು ಸನ್ಯಾಸಿಶಾಹಿ.

ಜ್ಞಾನಸ್ನಾನದ ಫೀಸ್ ಜಗಳಕ್ಕೆ ಜೈಲಿಗೆ ಹೋಗಿದ್ದರಂತೆ, ನಿಜಾನಾ?

ನಿಜ. 1869ರಲ್ಲಿ ಮನಿಲಾದ ಸಾನ್ ಮಿಗೆಲ್‌ನಲ್ಲಿ ಒಂದು ಮಗುವಿನ ಜ್ಞಾನಸ್ನಾನಕ್ಕೆ ಹೋಗಿದ್ದರು. ಆಗ ಅವರು ಕಾನೂನು ಓದುವ ಹುಡುಗ. ಪಾದ್ರಿ ಕೇಳಿದ ಶುಲ್ಕ ಜಾಸ್ತಿಯಾಯಿತು ಎಂದು ವಾದಕ್ಕಿಳಿದರು. ಮೂವತ್ತು ದಿನ ಬಿಲಿಬಿಡ್ ಜೈಲು. ಓದು ನಿಂತುಹೋಯಿತು. ವಕೀಲಿ ಪದವಿ ಕೈಗೆ ಬಂದಿದ್ದು 1880ರ ಸುಮಾರಿಗೆ.

ನಡುವೆ ಇನ್ನೂ ದೊಡ್ಡ ಪೆಟ್ಟು ಬಿತ್ತು. 1872ರಲ್ಲಿ ಮನಿಲಾ ಹತ್ತಿರದ ಕವೀಟೆಯ ಸೈನಿಕರು ದಂಗೆ ಎದ್ದರು. ಅದರ ನೆಪದಲ್ಲಿ ಗೋಮೆಸ್, ಬುರ್ಗೋಸ್, ಸಮೋರಾ ಎಂಬ ಮೂವರು ಸ್ಥಳೀಯ ಗುರುಗಳನ್ನು ಫೆಬ್ರವರಿ 17ರಂದು ಕತ್ತು ಹಿಸುಕಿ ಕೊಂದರು. ಅದೇ ಅಲೆಯಲ್ಲಿ ಮಾರ್ಸೆಲೊ ಅವರ ಅಣ್ಣ ತೊರಿಬಿಯೊ ಕೂಡ ಸಿಕ್ಕಿಬಿದ್ದರು. ಅವರೂ ಗುರುಗಳೇ. ಅವರನ್ನು ಸಮುದ್ರದಾಚೆಯ ಮರಿಯಾನಾ ದ್ವೀಪಗಳಿಗೆ ಗಡೀಪಾರು ಮಾಡಿದರು. ಅದಾದ ಸ್ವಲ್ಪ ಕಾಲಕ್ಕೆ ತಾಯಿ ತೀರಿಕೊಂಡರು. ಡೆಲ್ ಪಿಲಾರ್ ಸಿಟ್ಟು ಪುಸ್ತಕ ಓದಿ ಬಂದದ್ದಲ್ಲ, ಮನೆಯೊಳಗೇ ಹುಟ್ಟಿದ್ದು.

## ಬರಹ ಮತ್ತು ಬೀದಿ

ಅವರ ಮೊದಲ ಪತ್ರಿಕೆ ಯಾವುದು?

1882ರ ಜೂನ್‌ನಲ್ಲಿ ಶುರುವಾದ 'ದಿಯಾರಿಯೊಂಗ್ ತಗಾಲೊಗ್'. ಅರ್ಧ ಸ್ಪ್ಯಾನಿಷ್, ಅರ್ಧ ತಗಾಲೊಗ್. ತಗಾಲೊಗ್ ಭಾಗ ಡೆಲ್ ಪಿಲಾರ್ ಕೈಯಲ್ಲಿತ್ತು. ಸ್ಪೇನಿಗೆ ಆಗಷ್ಟೇ ಓದಲು ಹೋಗಿದ್ದ ರಿಸಾಲ್ ತಾಯ್ನಾಡಿನ ಪ್ರೀತಿಯ ಬಗ್ಗೆ ಸ್ಪ್ಯಾನಿಷ್‌ನಲ್ಲಿ ಒಂದು ಲೇಖನ ಕಳಿಸಿದರು. ಅದನ್ನು ತಗಾಲೊಗ್‌ಗೆ ತಂದವರು ಇವರೇ. ಪತ್ರಿಕೆ ಕೆಲವೇ ತಿಂಗಳು ಬದುಕಿತು.

ಹೆಚ್ಚಿನ ಜನಕ್ಕೆ ಓದೋಕೇ ಬರ್ತಿರಲಿಲ್ಲ. ಅವರ ಮಾತು ಜನರಿಗೆ ತಲುಪಿದ್ದು ಹೇಗೆ?

ಕೋಳಿ ಅಂಕದಲ್ಲಿ! ತಮಾಷೆಯಲ್ಲ. ಕರಾವಳಿಯವರಿಗೆ ಅಂಕದ ಕಣದ ಗದ್ದಲ ವಿವರಿಸಬೇಕಾಗಿಲ್ಲ. ಬುಲಕಾನ್ ಪ್ರಾಂತ್ಯದಲ್ಲಿ ಪ್ರತಿ ಊರಿಗೂ ಒಂದು ಕಣ ಇತ್ತು. ಡೆಲ್ ಪಿಲಾರ್ ಅಲ್ಲಿ, ಊರ ಮೈದಾನದಲ್ಲಿ, ಅಂಗಡಿ ಮುಂಗಟ್ಟಿನಲ್ಲಿ ನಿಂತು ಮಾತಾಡುತ್ತಿದ್ದರು. ಸಾವಿನ ಮನೆ, ಮದುವೆ ಮನೆಗಳಿಗೂ ಹೋಗುತ್ತಿದ್ದರು. ಹಾಡುವ, ನುಡಿಸುವ ಗೆಳೆಯನಾದ್ದರಿಂದ ಎಲ್ಲಿ ಹೋದರೂ ಜಾಗ ಸಿಗುತ್ತಿತ್ತು.

ಒಂದು ಪ್ರಸಂಗ ಹೇಳುತ್ತೇನೆ. ಸತ್ತವರ ದೇಹವನ್ನು ಇಗರ್ಜಿಯೊಳಗೆ ಇಟ್ಟು ವಿಧಿ ಮಾಡುವುದು ಪಾದ್ರಿಗಳಿಗೆ ಒಳ್ಳೆಯ ವರಮಾನ. 1887ರ ಅಕ್ಟೋಬರ್‌ನಲ್ಲಿ ಆಡಳಿತದ ಮುಖ್ಯಸ್ಥ ಬೆನಿಗ್ನೊ ಕಿರೋಗಾ ಆರೋಗ್ಯದ ಕಾರಣಕ್ಕೆ ಅದನ್ನು ನಿಲ್ಲಿಸುವ ಸುತ್ತೋಲೆ ಹೊರಡಿಸಿದ. ಮಲೋಲೋಸ್ ಊರಿನ ಮುಖ್ಯಸ್ಥ ಮಾನುಯೆಲ್ ಕ್ರಿಸೊಸ್ಟೊಮೊ ಎಂಬವರು ಡೆಲ್ ಪಿಲಾರ್ ಬಳಗದವರು. ಅವರು ಸುತ್ತೋಲೆಯನ್ನು ಗೋಡೆಗೆ ಅಂಟಿಸಿ ಸುಮ್ಮನಾಗಲಿಲ್ಲ. ಬ್ಯಾಂಡಿನವರನ್ನು ಮುಂದಿಟ್ಟುಕೊಂಡು ಊರೆಲ್ಲ ಮೆರವಣಿಗೆ ಮಾಡಿ ಸಾರಿಸಿದರು. ಪಾದ್ರಿ ಕೆರಳಿ, ಸುತ್ತೋಲೆ ಮೀರಿ ಒಂದು ಶವವನ್ನು ಒಳಗೆ ತರಿಸಿದ. ಕ್ರಿಸೊಸ್ಟೊಮೊ ಅವರು ಡೆಲ್ ಪಿಲಾರ್ ಸಲಹೆ ಪಡೆದು ಪ್ರಾಂತ್ಯದ ಗವರ್ನರನಿಗೆ ದೂರು ಕೊಟ್ಟರು. ಸರ್ಕಾರದ ಕಾಗದವನ್ನೇ ಹಿಡಿದು ಪಾದ್ರಿಯನ್ನು ಕಟ್ಟಿಹಾಕುವ ವಕೀಲರ ಚಾಲಾಕಿತನ ಇದು.

ಮುಂದಿನ ವರ್ಷ, 1888ರ ಮಾರ್ಚ್ 1ರಂದು, ಮನಿಲಾದಲ್ಲಿ ಜನ ಮೆರವಣಿಗೆ ಹೋಗಿ ಫ್ರೈಲೆಗಳನ್ನು ದೇಶದಿಂದ ಹೊರಹಾಕಿ ಎಂದು ಮನವಿ ಕೊಟ್ಟರು. ಅದರಲ್ಲಿ 810 ಸಹಿಗಳಿದ್ದವು. ಹಿಂದಿನ ಕೈ ಡೆಲ್ ಪಿಲಾರ್ ಅವರದು ಎಂಬ ಮಾತು ಆಗಲೇ ಇತ್ತು.

ಪ್ರಾರ್ಥನೆಯನ್ನೇ ಅಣಕ ಮಾಡಿದ್ದಾರಂತೆ. ಅವರಿಗೆ ದೇವರಲ್ಲಿ ನಂಬಿಕೆ ಇರಲಿಲ್ವಾ?

ಅಣಕ ಮಾಡಿದ್ದು ದೇವರನ್ನಲ್ಲ, ದೇವರ ಹೆಸರಿನ ಕೌಂಟರ್ ಹಿಂದೆ ಕೂತವನನ್ನು.

'ದಸಾಲನ್ ಅಟ್ ತೊಕ್ಸೊಹನ್' ಎಂಬ ಈ ಪುಸ್ತಿಕೆ 1888ರದು. ಪ್ರಾರ್ಥನೆ ಮತ್ತು ಗೇಲಿ ಎಂದು ಅರ್ಥ. ನೋಡಲು ಥೇಟ್ ಇಗರ್ಜಿಯಲ್ಲಿ ಸಿಗುವ ಜಪದ ಪುಸ್ತಕ. ಕೈಯಲ್ಲಿ ಹಿಡಿದು ಕೂತರೆ ಯಾರಿಗೂ ಅನುಮಾನ ಬರದು. ಬಿಚ್ಚಿದರೆ ಮೊದಲಿಗೆ ಶಿಲುಬೆಯ ಗುರುತು. ಆದರೆ ಅದು 'ಕಾರಾ ಇ ಕ್ರೂಸ್' ಗುರುತಾಗಿದೆ. ಕಾರಾ ಇ ಕ್ರೂಸ್ ಎಂದರೆ ನಾಣ್ಯ ಚಿಮ್ಮಿ ಆಡುವ ಜೂಜು. 'ಕ್ರೂಸ್' ಅಂದರೆ ಶಿಲುಬೆಯೂ ಹೌದು, ನಾಣ್ಯದ ಒಂದು ಮುಖವೂ ಹೌದು.

ಆಮೇಲೆ 'ಅಮಾ ನಾಮಿನ್', ಅಂದರೆ 'ನಮ್ಮ ತಂದೆಯೇ' ಪ್ರಾರ್ಥನೆ. ಇಲ್ಲಿ ಅದು 'ಅಮಾಯಿನ್ ನಾಮಿನ್' ಆಗುತ್ತದೆ. ತುಸು ಸೇರಿಸಿದರೆ ತಂದೆ ಚಿಕ್ಕಪ್ಪನಾಗುತ್ತಾನೆ! ಈ ಚಿಕ್ಕಪ್ಪ ಇರುವುದು ಪರಲೋಕದಲ್ಲಿ ಅಲ್ಲ, ಪಾದ್ರಿಮನೆಯಲ್ಲಿ. ಈ ದಿನದ ರೊಟ್ಟಿ ಕೊಡು ಎಂದು ಕೇಳುವ ಜಾಗದಲ್ಲಿ, ದಿನಾ ನಮ್ಮಿಂದ ಕಿತ್ತುಕೊಂಡ ಅನ್ನವನ್ನು ಇವತ್ತು ವಾಪಸ್ ಕೊಡು ಎಂದಿದೆ. ಮರಿಯಮ್ಮನ ಪ್ರಾರ್ಥನೆಯಲ್ಲಿ 'ಮರಿಯಾ' ಹೋಗಿ 'ಬರಿಯಾ' ಬಂದಳು. ಬರಿಯಾ ಅಂದರೆ ಚಿಲ್ಲರೆ ಕಾಸು. ಹುಂಡಿ ತುಂಬಿಸುವ ಚಿಲ್ಲರೆಯಮ್ಮನಿಗೆ ನಮೋ ಎನ್ನುತ್ತದೆ ಜಪ.

ಹತ್ತು ಕಟ್ಟಳೆಗಳಲ್ಲಿ ಐದನೆಯದು ನನಗೆ ತುಂಬ ಇಷ್ಟ. ಹೂಳುವ ಖರ್ಚಿಗೆ ದುಡ್ಡು ಕೂಡಿಡದೆ ಸಾಯಬೇಡ ಎನ್ನುತ್ತದೆ ಅದು. ಮಲೋಲೋಸ್‌ನ ಶವದ ಜಗಳ ನೆನಪಾಯಿತಲ್ವಾ?

ಇದು ಕೆಲಸ ಮಾಡಿದ್ದು ಯಾಕೆಂದರೆ ಆ ಜಪಗಳು ಎಲ್ಲರಿಗೂ ಬಾಯಿಪಾಠ. ಒಬ್ಬ ಓದಿದರೆ ಹತ್ತು ಜನ ಕೇಳಿ ನಗುತ್ತಾರೆ. ಮರುದಿನ ಅಸಲಿ ಜಪ ಹೇಳುವಾಗ ನಾಲಿಗೆ ತುದಿಗೆ ಅಣಕವೇ ಬರುತ್ತದೆ. ನಮ್ಮಲ್ಲಿ ಅಣಕವಾಡು ಕೇಳಿದ ಮೇಲೆ ಮೂಲ ಹಾಡನ್ನು ನೆಟ್ಟಗೆ ಹೇಳಲು ಆಗುವುದಿಲ್ಲವಲ್ಲ, ಹಾಗೆ. ಪುಸ್ತಿಕೆಯಲ್ಲಿ ಪೆದ್ರೊ ಸೆರಾನೊ ಲಕ್ತಾವ್ ಮತ್ತು ರಫಾಯೆಲ್ ಎನ್ರಿಕೆಸ್ ಅವರ ಕೈಯೂ ಇತ್ತು. ನನ್ನನ್ನು ಕೇಳಿದರೆ, ಆಮೇಲೆ ಸ್ಪೇನಿನಲ್ಲಿ ಬರೆದ ಎಷ್ಟೋ ಗಂಭೀರ ಸಂಪಾದಕೀಯಗಳಿಗಿಂತ ಈ ಪುಟ್ಟ ಪುಸ್ತಕದ ಪೆಟ್ಟು ಜೋರು.

ಹಾವುಮೀನಿನ ಕಥೆ ಅಂತ ಒಂದಿದೆಯಲ್ಲ, ಏನದು?

ರಿಸಾಲ್ ಅವರ 'ನೋಲಿ ಮೆ ತಾಂಗೆರೆ' ಕಾದಂಬರಿ 1887ರಲ್ಲಿ ಬಂತು. ಅದನ್ನು ಓದಬೇಡಿ ಎಂದು ಅಗಸ್ಟಿನಿಯನ್ ಪಾದ್ರಿ ಹೊಸೆ ರೊಡ್ರಿಗೆಸ್ ಒಂದು ಪುಸ್ತಿಕೆ ಹಂಚಿದರು. ಹೆಸರು 'ಕಾಯಿಂಗಾಟ್ ಕಾಯೊ', ಅಂದರೆ 'ಹುಷಾರಾಗಿರಿ'. ಡೆಲ್ ಪಿಲಾರ್ ಉತ್ತರ ಕೊಟ್ಟರು, 'ಕಾಯಿಗಾಟ್ ಕಾಯೊ' ಎಂಬ ಹೆಸರಿನಲ್ಲಿ. ಒಂದು ಅನುನಾಸಿಕ ಉದುರಿತು, ಅಷ್ಟೇ. 'ಇಗಾಟ್' ಅಂದರೆ ಹಾವುಮೀನು. ಹಿಡಿಯಲು ಬಂದರೆ ಹಾವುಮೀನಿನ ಹಾಗೆ ಜಾರಿಕೊಳ್ಳಿ ಎಂದಾಯಿತು! ದೂರದಿಂದ ನೋಡಿದರೆ ಎರಡೂ ಒಂದೇ ಪುಸ್ತಕ.

ಹೆಂಡತಿ ಮಕ್ಕಳನ್ನ ಬಿಟ್ಟು ಸ್ಪೇನಿಗೆ ಓಡಿಹೋಗಿದ್ದು ಸರಿನಾ?

ಈ ಪ್ರಶ್ನೆ ಕೇಳುವವರಲ್ಲಿ ಹೆಂಗಸರೇ ಹೆಚ್ಚು. ನ್ಯಾಯವಾದ ಪ್ರಶ್ನೆ.

ಬಂಧನ, ಗಡೀಪಾರು ಹತ್ತಿರ ಬಂದಿತ್ತು. ಅಣ್ಣನಿಗೆ ಏನಾಯಿತು ಎಂದು ಅವರು ಕಣ್ಣಾರೆ ಕಂಡಿದ್ದರು. 1888ರ ಅಕ್ಟೋಬರ್ 28ರಂದು ಹಡಗು ಹತ್ತಿದರು. 1889ರ ಜನವರಿ 1ರಂದು ಬಾರ್ಸಿಲೋನಾ ತಲುಪಿದರು. ಹೆಂಡತಿ ಮಾರ್ಸಿಯಾನಾ ಅವರ ಸೋದರ ಸಂಬಂಧಿಯೇ. ಮನೆಯಲ್ಲಿ 'ಚನಾಯ್' ಎಂದು ಕರೆಯುತ್ತಿದ್ದರು. ಏಳು ಮಕ್ಕಳು ಹುಟ್ಟಿದ್ದರು, ಉಳಿದದ್ದು ಎರಡು ಹೆಣ್ಣು. ದೊಡ್ಡವಳು ಸೋಫಿಯಾ. ಚಿಕ್ಕವಳು ಅನಿತಾ ಇನ್ನೂ ಕೂಸು.

ಆಮೇಲೆ ಅವರು ಮಕ್ಕಳ ಮುಖ ನೋಡಲೇ ಇಲ್ಲ. ಮನೆಗೆ ಬರೆದ ಕಾಗದಗಳಲ್ಲಿ ಒಂದು ಕನಸಿನ ವಿಷಯ ಬರುತ್ತದೆ. ಅನಿತಾ ತೊಡೆ ಮೇಲೆ, ಸೋಫಿಯಾ ಪಕ್ಕದಲ್ಲಿ. ಇಬ್ಬರೂ ಮತ್ತೆ ಮೇಡ್ರಿಡ್‌ಗೆ ಹೋಗಬೇಡ ಎನ್ನುತ್ತಾರೆ. ಎಚ್ಚರವಾದಾಗ ಕಣ್ಣೆಲ್ಲ ನೀರು. ಸರಿಯೋ ತಪ್ಪೋ ಹೇಳಲು ನಾನು ಯಾರು? ಲೆಕ್ಕ ಮಾತ್ರ ಹೇಳಬಲ್ಲೆ. ಅವರು ಬರೆಯಲಿ ಎಂದು ಆ ಏಳೂವರೆ ವರ್ಷ ಸಂಸಾರ ತೂಗಿಸಿದ್ದು ಚನಾಯ್.

## ಸ್ವಲ್ಪ ಆಳದ ಪ್ರಶ್ನೆಗಳು

'ಲಾ ಸಾಲಿಡಾರಿಡಾಡ್' ನಡೆದದ್ದು ಹೇಗೆ? ದುಡ್ಡು ಎಲ್ಲಿಂದ?

1889ರ ಫೆಬ್ರವರಿ 15ರಂದು ಬಾರ್ಸಿಲೋನಾದಲ್ಲಿ ಶುರುವಾಯಿತು. ಮೊದಲ ಸಂಪಾದಕ ಗ್ರಾಸಿಯಾನೊ ಲೋಪೆಸ್ ಹಯೇನಾ, ಅದ್ಭುತ ಭಾಷಣಕಾರ. ಡಿಸೆಂಬರ್ ಹೊತ್ತಿಗೆ ಪತ್ರಿಕೆ ಮೇಡ್ರಿಡ್‌ಗೆ ಬಂದು ಡೆಲ್ ಪಿಲಾರ್ ಕೈಗೆ ಸಿಕ್ಕಿತು. ಹದಿನೈದು ದಿನಕ್ಕೊಂದು ಸಂಚಿಕೆ. 1895ರ ನವೆಂಬರ್ 15ಕ್ಕೆ ನಿಲ್ಲುವವರೆಗೆ ಒಟ್ಟು 160. ರಿಸಾಲ್, ಆಂಟೋನಿಯೊ ಲೂನಾ, ಮರಿಯಾನೊ ಪೋನ್ಸೆ ಬರೆದರು. ರಿಸಾಲ್ ಅವರ ಆಸ್ಟ್ರಿಯಾದ ಗೆಳೆಯ ಬ್ಲುಮೆಂಟ್ರಿಟ್ ಕೂಡ ಬರೆದ.

ದುಡ್ಡು ಬರಬೇಕಾಗಿದ್ದದ್ದು ಮನಿಲಾದಿಂದ. ಊರು ಬಿಡುವ ಮೊದಲೇ ಡೆಲ್ ಪಿಲಾರ್ ಅಲ್ಲೊಂದು ಪ್ರಚಾರ ಸಮಿತಿ ಕಟ್ಟಿಟ್ಟಿದ್ದರು. ಚಂದಾ ಕೂಡಿಸುವುದು, ಪತ್ರಿಕೆಯನ್ನು ಕದ್ದುಮುಚ್ಚಿ ಒಳಗೆ ತಂದು ಹಂಚುವುದು ಅವರ ಕೆಲಸ. ಸಿಕ್ಕಿಬಿದ್ದವರಿಗೆ ಶಿಕ್ಷೆ ಗ್ಯಾರಂಟಿ, ಹಾಗಾಗಿ ಚಂದಾ ಸದಾ ತಡ. ಕೊನೆಕೊನೆಗೆ 'ಕಂಪ್ರೊಮಿಸಾರಿಯೊಸ್' ಎಂಬ ಗುಂಪಿನವರು ತಿಂಗಳಿಗೆ ತಲಾ ಐದು ಪೆಸೊ ಕೊಡುತ್ತೇವೆ ಎಂದು ಒಪ್ಪಿಕೊಂಡರು. ಅದೂ ಬಹಳ ದಿನ ನಡೆಯಲಿಲ್ಲ.

ನೇರವಾಗಿ ಸ್ವಾತಂತ್ರ್ಯ ಕೇಳದೆ ಸ್ಪೇನಿನ ಪ್ರಾಂತ್ಯ ಮಾಡಿ ಅಂತ ಕೇಳಿದ್ದು ಹೇಡಿತನ ಅಲ್ವಾ?

ಹಾಗೆ ಅನ್ನಿಸುವುದು ನಾವು ಕೊನೆ ಗೊತ್ತಿದ್ದು ಹಿಂದಕ್ಕೆ ನೋಡುವುದರಿಂದ. ಅವರ ಬೇಡಿಕೆಗಳು ಇಷ್ಟು: ಸ್ಪೇನಿನ ಸಂಸತ್ತಿನಲ್ಲಿ ಪ್ರತಿನಿಧಿಗಳು, ಕಾನೂನಿನ ಮುಂದೆ ಸಮಾನತೆ, ಪತ್ರಿಕೆ ಮತ್ತು ಸಭೆಗೆ ಸ್ವಾತಂತ್ರ್ಯ, ಇಗರ್ಜಿಗಳು ಸನ್ಯಾಸಿ ಸಂಘಗಳ ಕೈಯಿಂದ ಸ್ಥಳೀಯ ಗುರುಗಳ ಕೈಗೆ. ಸಂಸತ್ತಿನ ಸೀಟು ಹೊಸ ಕನಸೇನಲ್ಲ. 1810ರ ನಂತರ ಮೂರು ಬಾರಿ ಫಿಲಿಪ್ಪೀನ್ಸ್‌ಗೆ ಅದು ಸಿಕ್ಕಿತ್ತು. 1837ರಲ್ಲಿ ಕಿತ್ತುಕೊಂಡರು. ಕಿತ್ತುಕೊಂಡದ್ದನ್ನು ವಾಪಸ್ ಕೇಳುವುದು ವಕೀಲರ ದಾರಿ.

ಇದರಲ್ಲಿ ಲೆಕ್ಕಾಚಾರವೂ ಇತ್ತು. ಸ್ಪೇನಿನ ಕಾನೂನು ಅಲ್ಲಿಗೂ ಬಂದರೆ ಫ್ರೈಲೆಗಳ ಬಲ ತಾನೇ ಕರಗುತ್ತದೆ. ಆದರೆ ನನಗೆ ಒಂದು ತಕರಾರಿದೆ. ಚಿಲ್ಲರೆಯಮ್ಮನ ಜಪ ಬರೆದ ಕೈ ಸ್ಪೇನಿನಲ್ಲಿ ಬರೆದದ್ದು ಸ್ಪ್ಯಾನಿಷ್‌ನಲ್ಲಿ, ಮಂತ್ರಿಗಳಿಗೆ. ಮಂತ್ರಿಗಳು ಬದಲಾಗುತ್ತಲೇ ಇದ್ದರು. ಕೋಳಿ ಅಂಕದಲ್ಲಿ ಕಿವಿಗೊಟ್ಟ ಜನಕ್ಕೆ ಆ ಭಾಷೆ ಗೊತ್ತಿರಲಿಲ್ಲ.

ಇದು ಅವರಿಗೂ ಅರಿವಾಗಿತ್ತು ಅನ್ನಿಸುತ್ತದೆ. ಮಲೋಲೋಸ್‌ನ ಇಪ್ಪತ್ತು ಹುಡುಗಿಯರು 1888ರ ಡಿಸೆಂಬರ್‌ನಲ್ಲಿ ತಮಗೆ ರಾತ್ರಿ ಶಾಲೆ ಬೇಕು ಎಂದು ಗವರ್ನರ್ ಜನರಲ್‌ಗೇ ಮನವಿ ಕೊಟ್ಟರು. ಸುದ್ದಿ ತಿಳಿದ ಡೆಲ್ ಪಿಲಾರ್ ಲಂಡನ್‌ನಲ್ಲಿದ್ದ ರಿಸಾಲ್‌ಗೆ ಆ ಹುಡುಗಿಯರಿಗೆ ಒಂದು ಕಾಗದ ಬರೆಯಿರಿ, ತಗಾಲೊಗ್‌ನಲ್ಲೇ ಬರೆಯಿರಿ ಎಂದು ಕೇಳಿಕೊಂಡರು. ಆ ಕಾಗದ ಇವತ್ತಿಗೂ ಪ್ರಸಿದ್ಧ.

ರಿಸಾಲ್‌ಗೂ ಇವರಿಗೂ ಜಗಳ ಆಗಿತ್ತಂತೆ?

ಆಗಿತ್ತು. ಪತ್ರಿಕೆಯ ಧೋರಣೆ ಸಂಪಾದಕರದೋ, ಮೇಡ್ರಿಡ್‌ನ ಫಿಲಿಪಿನೊ ಬಳಗದ್ದೋ ಎಂಬುದು ಮೂಲ. 1891ರ ಆರಂಭದಲ್ಲಿ ಬಳಗಕ್ಕೆ ಒಬ್ಬ ನಾಯಕ ಬೇಕೆಂದು ಮತ ಹಾಕಿದರು. ರಿಸಾಲ್ ಕಡೆಯವರು ಒಂದು ಗುಂಪು, ಪಿಲಾರ್ ಕಡೆಯವರು ಇನ್ನೊಂದು. ಎರಡು ದಿನ ತೀರ್ಮಾನವಾಗಲಿಲ್ಲ. ಮೂರನೇ ದಿನ ಪೋನ್ಸೆ ಓಡಾಡಿ ರಿಸಾಲ್‌ಗೆ ಗೆಲುವು ಸಿಗುವಂತೆ ಮಾಡಿದರು. ಒತ್ತಾಯದ ಗೆಲುವು ರಿಸಾಲ್‌ಗೆ ಬೇಡವಾಯಿತು. ಪದವಿ ಒಪ್ಪದೆ ಮೇಡ್ರಿಡ್ ಬಿಟ್ಟರು, ಪತ್ರಿಕೆಗೆ ಬರೆಯುವುದನ್ನೂ ನಿಲ್ಲಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಡೆಲ್ ಪಿಲಾರ್ ಮತ್ತೆ ಬರೆಯಿರಿ ಎಂದು ಕಾಗದ ಹಾಕಿದರು. ಫಲ ಸಿಗಲಿಲ್ಲ. ಇಬ್ಬರಲ್ಲಿ ಯಾರು ದೊಡ್ಡವರು ಎಂದು ಫಿಲಿಪ್ಪೀನ್ಸ್‌ನಲ್ಲಿ ಈಗಲೂ ವಾದ ನಡೆಯುತ್ತದೆ. ನನಗೆ ಆ ವಾದದಲ್ಲಿ ಆಸಕ್ತಿ ಇಲ್ಲ.

ಸಿಗರೇಟು ತುಂಡು ಆಯುತ್ತಿದ್ದರು ಅಂತಾರೆ. ಅಷ್ಟು ಬಡತನವೇ?

ಅಷ್ಟು. ಊಟ ತಪ್ಪಿದ ದಿನಗಳಲ್ಲಿ, ಚಳಿ ತಡೆಯಲು, ಮೇಡ್ರಿಡ್ ಬೀದಿಯಲ್ಲಿ ಯಾರೋ ಸೇದಿ ಬಿಸಾಡಿದ ತುಂಡುಗಳನ್ನು ಹೆಕ್ಕಿ ಸೇದುತ್ತಿದ್ದರು. ಆಸ್ತಿಯ ಪಾಲು ಬಿಟ್ಟುಕೊಟ್ಟ ಮನುಷ್ಯ. ಕೊನೆಗೆ ಕ್ಷಯ ಹಿಡಿಯಿತು. ಆ ಬಳಗಕ್ಕೇ ಆ ಕಾಯಿಲೆ ಬೆನ್ನು ಹತ್ತಿತ್ತು. ಅದೇ ಬಳಗದ ಬರಹಗಾರ ಪಾಂಗನಿಬಾನ್ 1890ರಲ್ಲಿ ಹೋದರು. ಲೋಪೆಸ್ ಹಯೇನಾ 1896ರ ಜನವರಿಯಲ್ಲಿ ಹೋದರು, ಅದೇ ಬಾರ್ಸಿಲೋನಾದಲ್ಲಿ. ಡೆಲ್ ಪಿಲಾರ್ ಊರಿನ ಕಡೆಗೆ ಹೊರಡಬೇಕು ಎಂದು ಮೇಡ್ರಿಡ್‌ನಿಂದ ಬಾರ್ಸಿಲೋನಾಕ್ಕೆ ಬಂದರು. ಹಡಗು ಹತ್ತಲಾಗಲಿಲ್ಲ. ಹೂಳಿದ್ದು ಬೇರೆಯವರ ಸಮಾಧಿಯಲ್ಲಿ.

ಕೊನೆಗೂ ಸುಧಾರಣೆವಾದಿಯಾಗೇ ಉಳಿದರಾ? ಕ್ರಾಂತಿಯವರ ಜೊತೆ ಸಂಬಂಧ ಇರಲಿಲ್ವಾ?

ಇತ್ತು, ಅದೂ ನೆಂಟಸ್ತಿಕೆಯದು. 1892ರ ಜುಲೈ 7ರಂದು ಹುಟ್ಟಿದ ಗುಪ್ತ ಸಂಘ ಕಟಿಪುನಾನ್. ಅದರ ಮೊದಲ ಅಧ್ಯಕ್ಷ ದಿಯೋದಾತೊ ಅರೆಲ್ಯಾನೊ ಎಂಬವರು ಡೆಲ್ ಪಿಲಾರ್ ಅವರ ಸಹೋದರಿಯ ಗಂಡ. ಸಂಘ ಕಟ್ಟಿದ ಬೊನಿಫಾಸಿಯೊಗೆ ಡೆಲ್ ಪಿಲಾರ್ ಕಾಗದಗಳೆಂದರೆ ಗೌರವ.

1896ರಲ್ಲಿ ಕಟಿಪುನಾನ್ 'ಕಲಾಯಾನ್' ಎಂಬ ಪತ್ರಿಕೆ ತಂದಿತು. ಸ್ವಾತಂತ್ರ್ಯ ಎಂದು ಅರ್ಥ. ಅಚ್ಚಾದದ್ದು ಮನಿಲಾದಲ್ಲೇ, ಬರೆದದ್ದು ಎಮಿಲಿಯೊ ಹಸಿಂಟೊ ಮುಂತಾದವರು. ಆದರೆ ಮುಖಪುಟದಲ್ಲಿ ಸ್ಥಳ ಯೊಕೊಹಾಮಾ, ಸಂಪಾದಕ ಮಾರ್ಸೆಲೊ ಡೆಲ್ ಪಿಲಾರ್! ಪೊಲೀಸರು ಜಪಾನಿನ ಕಡೆ ನೋಡುತ್ತಿರಲಿ ಎಂಬ ಉಪಾಯ. ಜೀವನವಿಡೀ ಬೇರೆ ಹೆಸರುಗಳಲ್ಲಿ ಬರೆದವರ ಅಸಲಿ ಹೆಸರನ್ನು ಕೊನೆಗೆ ಬೇರೆಯವರು ಗುಪ್ತನಾಮ ಮಾಡಿಕೊಂಡರು. ಇದನ್ನು ಕೇಳಿದ್ದರೆ ಅವರು ಖಂಡಿತ ನಗುತ್ತಿದ್ದರು.

1895ರ ಕೊನೆಯ ಸಂಚಿಕೆಯಲ್ಲೇ ಅವರ ಧಾಟಿ ಬದಲಾಗಿತ್ತು. ಗುಲಾಮಗಿರಿಯಲ್ಲಿರುವ ನಾಡಿನ ಬಿಡುಗಡೆಗೆ ಯಾವ ತ್ಯಾಗವೂ ಹೆಚ್ಚಲ್ಲ ಎಂದು ಬರೆದರು. ಅವರು ಸತ್ತು ಎರಡು ತಿಂಗಳೂ ಆಗಿರಲಿಲ್ಲ, ದಂಗೆ ಶುರುವಾಯಿತು. ಅವರ ಪುಸ್ತಿಕೆಗಳನ್ನು ಹಂಚುತ್ತಿದ್ದ ಅಣ್ಣನ ಮಗ ಗ್ರೆಗೋರಿಯೊ ಆಮೇಲೆ ಜನರಲ್ ಆಗಿ, 1899ರ ಡಿಸೆಂಬರ್ 2ರಂದು ತಿರಾಡ್ ಕಣಿವೆಯಲ್ಲಿ, ಸ್ಪೇನಿನ ಜಾಗಕ್ಕೆ ಬಂದ ಅಮೆರಿಕನ್ನರ ಗುಂಡಿಗೆ ಬಿದ್ದ. ವಯಸ್ಸು 24.

ಈಗ ಅವರ ಗುರುತು ಎಲ್ಲಿದೆ?

ಬುಲಕಾನ್ ಪ್ರಾಂತ್ಯದ ಕಿಂಗ್ವಾ ಊರಿಗೆ 1936ರಲ್ಲಿ ಪ್ಲಾರಿಡೆಲ್ ಎಂದು ಹೆಸರಿಟ್ಟರು. 2022ರ ಕಾನೂನಿನ ಪ್ರಕಾರ ಅವರು ಹುಟ್ಟಿದ ಆಗಸ್ಟ್ 30 ಈಗ ರಾಷ್ಟ್ರೀಯ ಪತ್ರಿಕಾ ಸ್ವಾತಂತ್ರ್ಯ ದಿನ. ಅಸ್ಥಿ ಬಾರ್ಸಿಲೋನಾದಿಂದ ಮನಿಲಾಕ್ಕೆ ಬಂದದ್ದು 1920ರ ಡಿಸೆಂಬರ್‌ನಲ್ಲಿ. ಅಲ್ಲಿಂದ ಹುಟ್ಟೂರು ಬುಲಕಾನ್‌ಗೆ ಹೋಗಿದ್ದು 1984ರ ಆಗಸ್ಟ್ 30ರಂದು. 1888ರಲ್ಲಿ ಹೊರಟವರು ಮನೆ ತಲುಪಲು 96 ವರ್ಷ ಹಿಡಿಯಿತು.